ಗೂಬೆ ಗುರುತಿನ ಪೆಟ್ಟಿಗೆ ಮತ್ತು ಒಂದು ಗರಗಸ

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮನಿಗೆ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಯಾವುದೋ ಹಿತ್ತಾಳೆ ತಂಬಿಗೆ ಬೇಕಿತ್ತು. ಏಣಿ ಹತ್ತಿ, ಕೆಮ್ಮಿ, ಸೀನಿ, ಟ್ರಂಕು ಇಳಿಸಿದ್ದಾಯ್ತು. ತಂಬಿಗೆ ಸಿಗಲಿಲ್ಲ. ಸಿಕ್ಕಿದ್ದು ಒಂದು ಗ್ರಾಫ್ ಪುಸ್ತಕ. ಹೈಸ್ಕೂಲಿನಲ್ಲಿ ಗಣಿತಕ್ಕೆ ತರಿಸುತ್ತಿದ್ದರಲ್ಲ, ಅದೇ. ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿತ್ತು. ಒಳಗೆ ಒಂದೊಂದು ಪುಟದಲ್ಲೂ ಎಂಟು ಮನೆ ಅಗಲ, ಎಂಟು ಮನೆ ಉದ್ದದ ಚೌಕ, ಚೌಕದೊಳಗೆ ಪೆನ್ಸಿಲಿನಲ್ಲಿ ತುಂಬಿದ ಕಪ್ಪು ಮನೆಗಳು, ಪಕ್ಕದಲ್ಲಿ ಎಂಟು ಸಂಖ್ಯೆಗಳು.

ಆ ಪುಸ್ತಕ ನನ್ನದಲ್ಲ. ಅಕ್ಷರವೂ ನನ್ನದಲ್ಲ. ವಾಪಸು ಕೊಡಬೇಕಿತ್ತು, ಕೊಟ್ಟಿಲ್ಲ. ಅದರ ಕಥೆ ಹೇಳೋಣ ಅಂತ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಒಂದು ಕಂಪ್ಯೂಟರಿನ ಕಥೆ ಹೇಳಬೇಕು. ಸ್ವಲ್ಪ ಉದ್ದ ಇದೆ, ಕಾಫಿ ತಂದಿಟ್ಟುಕೊಳ್ಳಿ :-)

ನಾನು ಮೊದಲು ಮುಟ್ಟಿದ ಕಂಪ್ಯೂಟರ್ ಬಿಬಿಸಿ ಮೈಕ್ರೋ. ಹೌದು, ಅದೇ ಬಿಬಿಸಿ. ರೇಡಿಯೋದಲ್ಲಿ ಸುದ್ದಿ ಹೇಳುವ ಇಂಗ್ಲೆಂಡಿನ ಸಂಸ್ಥೆಯ ಹೆಸರು ಹೊತ್ತ ಕಂಪ್ಯೂಟರು ನಮ್ಮ ಮಲೆನಾಡಿನ ಅಂಚಿನ ಊರಿನ ಹೈಸ್ಕೂಲಿಗೆ ಹೇಗೆ ಬಂತು ಅನ್ನೋದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ.

1978ರಲ್ಲಿ ಬಿಬಿಸಿ ಟೀವಿಯಲ್ಲಿ ಮೈಕ್ರೋಚಿಪ್ಪುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಈ ಚಿಪ್ಪುಗಳು ಬಂದರೆ ಜನರ ಕೆಲಸ ಏನಾಗುತ್ತೆ ಅನ್ನೋದು ಅದರ ಪ್ರಶ್ನೆ. ನೋಡಿದವರು ಗಾಬರಿಯಾದರು. ಗಾಬರಿಯ ಫಲವಾಗಿ ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸುವ ಯೋಜನೆ ಹುಟ್ಟಿತು. ಟೀವಿಯಲ್ಲಿ ಪಾಠ ಮಾಡೋದಾದರೆ ನೋಡುವವರ ಮನೆಯಲ್ಲೂ ಅದೇ ಕಂಪ್ಯೂಟರ್ ಇರಬೇಕಲ್ಲ? ಹಾಗಾಗಿ ಬಿಬಿಸಿ ತನ್ನದೇ ಹೆಸರಿನ ಒಂದು ಯಂತ್ರಕ್ಕಾಗಿ ತಯಾರಕರನ್ನು ಹುಡುಕಿತು.

ಗೆದ್ದದ್ದು ಕೇಂಬ್ರಿಜ್ಜಿನ ಏಕಾರ್ನ್ ಅನ್ನೋ ಪುಟ್ಟ ಕಂಪನಿ. ಅವರ ಹತ್ತಿರ ತೋರಿಸೋಕೆ ಸಿದ್ಧವಾದ ಯಂತ್ರವೇ ಇರಲಿಲ್ಲ. ಬಿಬಿಸಿಯವರು ನೋಡೋಕೆ ಬರೋದು ಶುಕ್ರವಾರ. ಏಕಾರ್ನ್‌ನ ಹರ್ಮನ್ ಹೌಸರ್ ಆ ವಾರದ ಶುರುವಿನಲ್ಲಿ ತನ್ನ ಇಬ್ಬರು ಎಂಜಿನಿಯರುಗಳಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರಿಗೆ ಬೇರೆ ಬೇರೆಯಾಗಿ ಫೋನ್ ಮಾಡಿದರಂತೆ. ವಾರದೊಳಗೆ ಮಾಡೋಕಾಗುತ್ತಾ ಅಂದಾಗ ಇಬ್ಬರೂ ಆಗಲ್ಲ ಅಂದರು. ಆಗ ಇವರಿಗೆ 'ಅವರು ಆಗುತ್ತೆ ಅಂದಿದ್ದಾರೆ' ಅಂತಲೂ, ಅವರಿಗೆ 'ಇವರು ಆಗುತ್ತೆ ಅಂದಿದ್ದಾರೆ' ಅಂತಲೂ ಹೇಳಿ ಒಪ್ಪಿಸಿದರು. ನಮ್ಮ ಕಡೆ ಮದುವೆ ಮಾಡಿಸೋ ಬ್ರೋಕರುಗಳು ಇದನ್ನೇ ಮಾಡ್ತಾರೆ! ಯಂತ್ರವಂತೂ ಶುಕ್ರವಾರ ಬೆಳಿಗ್ಗೆ ಓಡಿತು. 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು, 1982ರ ಜನವರಿಯಲ್ಲಿ ಟೀವಿಯಲ್ಲಿ ಪಾಠ ಶುರುವಾಯ್ತು. ಹನ್ನೆರಡು ಸಾವಿರ ಮಾರಾಟವಾದರೆ ಹೆಚ್ಚು ಅಂದುಕೊಂಡಿದ್ದರು. ಕೊನೆಗೆ ಮಾರಾಟವಾದದ್ದು ಹತ್ತು ಲಕ್ಷಕ್ಕೂ ಮೀರಿ.

ಅದೇ ಹೊತ್ತಿಗೆ ಅಲ್ಲಿ ಕ್ಲೈವ್ ಸಿಂಕ್ಲೇರ್ ಇನ್ನೂ ಅಗ್ಗದ ಯಂತ್ರಗಳನ್ನು ಮಾರುತ್ತಿದ್ದರು. 1982ರ ಜ಼ಡ್‌ಎಕ್ಸ್ ಸ್ಪೆಕ್ಟ್ರಮ್ 125 ಪೌಂಡಿಗೆ ಸಿಗುತ್ತಿತ್ತು, ಬಿಬಿಸಿಯ ಮಾಡೆಲ್ ಬಿ ಯಂತ್ರಕ್ಕೆ 399 ಪೌಂಡ್. ಮನೆಯ ಟೀವಿಗೆ ಸಿಕ್ಕಿಸಿ, ಮಂಚದ ಮೇಲೆ ಕೂತು ಪ್ರೋಗ್ರಾಮ್ ಬರೆದ ಆ ಕಾಲದ ಇಂಗ್ಲಿಷ್ ಹುಡುಗರ ನೆನಪುಗಳನ್ನು ಓದುತ್ತಿರುತ್ತೇನೆ. ಹೊಟ್ಟೆಕಿಚ್ಚಾಗುತ್ತೆ, ಸುಳ್ಳು ಯಾಕೆ ಹೇಳಲಿ. ಅವರು ಅದನ್ನು 'ಹೋಮ್ ಕಂಪ್ಯೂಟರ್' ಅಂತ ಕರೀತಾರೆ. ನಮ್ಮ ಮನೆಗಳಿಗೆ ಆಗಿನ್ನೂ ಟೀವಿಯೇ ಬಂದಿರಲಿಲ್ಲ.

ನಮ್ಮಲ್ಲಿಗೆ ಅದು ಬಂದದ್ದು ಸರಕಾರದ ಮೂಲಕ. 1984ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಶಿಕ್ಷಣ ಸಚಿವಾಲಯದ ಜೊತೆ ಸೇರಿ 'ಕ್ಲಾಸ್' ಅನ್ನೋ ಯೋಜನೆ ಶುರುಮಾಡಿತು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ ಅನ್ನೋದು ಆ ಉದ್ದನೆಯ ಹೆಸರಿನ ಅರ್ಥ. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ, ಆಮೇಲೆ ಇನ್ನೂ ನೂರಾರು ಶಾಲೆಗಳಿಗೆ. ಯಂತ್ರ ಹಂಚೋದು, ಕೆಟ್ಟರೆ ರಿಪೇರಿ ಮಾಡೋದು ಸಿಎಂಸಿ ಕಂಪನಿಯ ಜವಾಬ್ದಾರಿ. ಮೇಷ್ಟ್ರುಗಳಿಗೆ ತರಬೇತಿ ಕೊಡೋದು ಎಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿದ್ದ ಸಂಪನ್ಮೂಲ ಕೇಂದ್ರಗಳದ್ದು. ಮೊಹಾಲಿಯಲ್ಲಿದ್ದ ಸರಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಕಾರ್ಖಾನೆ ಏಕಾರ್ನ್‌ನಿಂದ ಪರವಾನಗಿ ಪಡೆದು 'ಯೂನಿಕಾರ್ನ್' ಅನ್ನೋ ಹೆಸರಲ್ಲಿ ಅದೇ ಯಂತ್ರವನ್ನು ಇಲ್ಲೇ ಮಾಡಿತು. 1989ರಲ್ಲಿ ಆ ಕಾರ್ಖಾನೆಗೆ ಬೆಂಕಿ ಬಿತ್ತು. ನಮ್ಮ ದೇಶದ ಚಿಪ್ ಕನಸು ಎಷ್ಟು ವರ್ಷ ಹಿಂದೆ ಹೋಯ್ತೋ. ಅದು ಇನ್ನೊಂದು ಪೋಸ್ಟಿಗೆ ಆಗುವಷ್ಟಿದೆ, ಇಲ್ಲಿ ಬೇಡ.

ನಮ್ಮ ಶಾಲೆಗೆ ಬಂದದ್ದು ಎರಡು. ಕೆನೆ ಬಣ್ಣದ ಅಗಲವಾದ ಪೆಟ್ಟಿಗೆ. ಕೀಲಿಮಣೆಯೂ ಕಂಪ್ಯೂಟರೂ ಒಂದೇ. ಮೇಲಿನ ಸಾಲಿನಲ್ಲಿ ಕೆಂಪು ಕೀಲಿಗಳು. ಕೀಲಿಗಳ ಮೇಲ್ಗಡೆ ಬಿಬಿಸಿಯ ಹೆಸರು, ಪಕ್ಕದಲ್ಲಿ ಚುಕ್ಕೆಗಳಿಂದ ಮಾಡಿದ ಒಂದು ಗೂಬೆ. ಇಂಗ್ಲಿಷಿನವರಿಗೆ ಗೂಬೆ ಅಂದರೆ ಜಾಣ ಪ್ರಾಣಿ. ನಮಗೆ? ಅಟೆಂಡರು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆಯುಧಪೂಜೆ ದಿನ ಉಳಿದೆಲ್ಲ ಕಡೆ ಒಂದೊಂದು ಬೊಟ್ಟು ಕುಂಕುಮ ಇಟ್ಟವರು ಗೂಬೆಯ ಮೇಲೆ ಮಾತ್ರ ಮೂರು ಬೊಟ್ಟು ಇಟ್ಟು ಮುಚ್ಚಿಬಿಟ್ಟರು. ಮುಂದೆ ಶಾಲೆಯಲ್ಲಿ ಕರೆಂಟು ಹೋದರೂ, ನಲ್ಲಿಯಲ್ಲಿ ನೀರು ನಿಂತರೂ ಆ ಪೆಟ್ಟಿಗೆಯ ಮೇಲೇ ಗೂಬೆ ಕೂರಿಸುತ್ತಿದ್ದರು. ಹೇಗೂ ಕೂತಿತ್ತಲ್ಲ!

ಯಂತ್ರ ಇಡೋಕೆ ಮೇಜು ಬೇಕಿತ್ತು. ಊರಿನ ಬಡಗಿಯೊಬ್ಬರು ಹಲಸಿನ ಮರದಲ್ಲಿ ಎರಡು ಮೇಜು ಮಾಡಿಕೊಟ್ಟರು, ಧೂಳು ಬೀಳದ ಹಾಗೆ ಮೇಲೆ ಮುಚ್ಚಳದ ಪೆಟ್ಟಿಗೆ, ಅದಕ್ಕೆ ಚಿಲಕ. ಅವರ ಮಗ ನನ್ನ ವಾರಿಗೆಯವನು, ನನ್ನ ಗೆಳೆಯ. ಒಂದೇ ಬೀದಿ, ದಿನಾ ಒಟ್ಟಿಗೇ ಶಾಲೆಗೆ ನಡೆದು ಹೋಗ್ತಿದ್ವಿ. ಶಾಲೆಯ ಗೇಟಿನ ಒಳಗೆ ಕಾಲಿಟ್ಟ ಮೇಲೆ ನಾನು ಎ ಸೆಕ್ಷನ್, ಅವನು ಸಿ ಸೆಕ್ಷನ್. ಎ ಅಂದರೆ ಇಂಗ್ಲಿಷ್ ಮೀಡಿಯಂ. ಕಂಪ್ಯೂಟರ್ ಕ್ಲಾಸು ಇದ್ದದ್ದು ಎ ಸೆಕ್ಷನ್ನಿಗೆ ಮಾತ್ರ. ಕೇಂದ್ರದ ಯೋಜನೆಯಲ್ಲೇನೂ ಹಾಗೆ ಇರಲಿಲ್ಲ, ಅದು ಶಾಲೆಯವರೇ ಮಾಡಿಕೊಂಡ ಏರ್ಪಾಡು. 'ಪುಸ್ತಕ ಇಂಗ್ಲಿಷಿನಲ್ಲಿದೆ, ಅವರಿಗೆ ಕಷ್ಟ ಆಗುತ್ತೆ' ಅಂತ ಕಾರಣ. ಅಪ್ಪ ಮಾಡಿದ ಮೇಜನ್ನು ಅವನು ಕಿಟಕಿಯಿಂದ ನೋಡುತ್ತಿದ್ದ.

ಎ ಸೆಕ್ಷನ್ನಿನವರಿಗಾದರೂ ಎಷ್ಟು ಸಿಗುತ್ತಿತ್ತು ಅಂದುಕೊಂಡಿದ್ದೀರಿ? ಒಂದು ಯಂತ್ರದ ಮುಂದೆ ಆರೇಳು ಜನ, ವಾರಕ್ಕೊಮ್ಮೆ ನಲವತ್ತು ನಿಮಿಷ. ನನ್ನ ಬೆರಳು ಕೀಲಿಗೆ ತಾಗುತ್ತಿದ್ದದ್ದು ಆರೇಳು ನಿಮಿಷ. ಅದರಲ್ಲೂ ಕರೆಂಟು ಹೋದರೆ ಮುಗೀತು.

ಸ್ವಿಚ್ ಹಾಕಿದರೆ ಮೊದಲು ಒಂದು ದಪ್ಪ ಸ್ವರ, ಹಿಂದೆಯೇ ಒಂದು ಸಣ್ಣ 'ಪೀಂ'. ತೆರೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ', ಕೆಳಗೆ 'ಬೇಸಿಕ್', ಅದರ ಕೆಳಗೆ ಒಂದು > ಗುರುತು. ಅಷ್ಟೇ. ಚಿತ್ರ ಇಲ್ಲ, ಮೆನು ಇಲ್ಲ, ಮೌಸ್ ಇಲ್ಲ. 'ಹೇಳು, ಏನು ಮಾಡಲಿ?' ಅಂತ ಕೈಕಟ್ಟಿ ನಿಂತ ಹಾಗೆ. ಹೇಳೋಕೆ ಬರದಿದ್ದರೆ ಇಡೀ ದಿನ ಹಾಗೇ ನಿಂತಿರುತ್ತಿತ್ತು. ಏನೋ ಒಂದು ಕುಟ್ಟಿ ರಿಟರ್ನ್ ಒತ್ತಿದರೆ ಒಂದೇ ಪದದ ಉತ್ತರ, 'ಮಿಸ್ಟೇಕ್'. ನಮ್ಮ ಗಣಿತದ ಮೇಷ್ಟ್ರಿಗಿಂತ ಮರ್ಯಾದಸ್ಥ.

ಎಲ್ಲರ ಮೊದಲ ಪ್ರೋಗ್ರಾಮೂ ಒಂದೇ ಇರುತ್ತೆ ಅಂತ ಕಾಣುತ್ತೆ. 10 ಪ್ರಿಂಟ್ ಅಂತ ಬರೆದು ನಮ್ಮ ಹೆಸರು, 20 ಗೋಟು 10, ಆಮೇಲೆ ರನ್. ಹೆಸರು ತೆರೆ ತುಂಬ ಸುರಿಯುತ್ತೆ, ನಿಲ್ಲೋದೇ ಇಲ್ಲ. ಎಸ್ಕೇಪ್ ಒತ್ತಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಮೂಲೆಯ ಬ್ರೇಕ್ ಕೀಲಿ ಒತ್ತಿದೆವು, ಪ್ರೋಗ್ರಾಮೇ ಮಾಯ. ನಮ್ಮ ವಿಜ್ಞಾನದ ಮೇಷ್ಟ್ರು ತರಬೇತಿಯ ಟಿಪ್ಪಣಿ ತಿರುವಿಹಾಕಿ 'ಓಲ್ಡ್' ಅಂತ ಬರೀರೋ ಅಂದರು. ಬರೆದರೆ ವಾಪಸು ಬಂತು! ಬ್ರೇಕ್ ಒತ್ತಿದಾಗ ಅದು ನಿಜವಾಗಿ ಅಳಿಸಿಹೋಗುವುದಿಲ್ಲ, ನೆನಪಿನಲ್ಲಿ ಹಾಗೇ ಬಿದ್ದಿರುತ್ತೆ, ಯಂತ್ರ ಅದನ್ನು ನೋಡೋದು ಬಿಟ್ಟಿರುತ್ತೆ ಅಷ್ಟೇ. ಕರೆಂಟು ಹೋದರೆ ಮಾತ್ರ ಯಾವ ಓಲ್ಡೂ ಕೆಲಸಕ್ಕೆ ಬರುತ್ತಿರಲಿಲ್ಲ.

ಉಳಿಸಿಕೊಳ್ಳಬೇಕಾದರೆ ಟೇಪ್ ರೆಕಾರ್ಡರ್. ಸೆಕೆಂಡಿಗೆ 1200 ಬಿಟ್. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮ್ ಅಂದರೆ ಜೀರುಂಡೆ ಸದ್ದು. 256 ಬೈಟಿನ ಒಂದೊಂದು ತುಂಡು ಓದಿದಾಗಲೂ ತೆರೆಯ ಮೇಲೆ ಎಣಿಕೆ ಬದಲಾಗುತ್ತೆ. ಒಂಬತ್ತಾದ ಮೇಲೆ ಹತ್ತು ಬರೋದಿಲ್ಲ, ಸೊನ್ನೆ ಎ ಬರುತ್ತೆ. ಹದಿನಾರರ ಲೆಕ್ಕ ಅನ್ನೋದನ್ನು ನಾನು ಕಲಿತದ್ದು ಪಾಠದಿಂದಲ್ಲ, ಈ ಟೇಪಿನಿಂದ. ಮುಗಿಯೋಕೆ ಇನ್ನೊಂದೇ ತುಂಡು ಇದೆ ಅನ್ನುವಾಗ 'ರಿವೈಂಡ್ ಟೇಪ್' ಅನ್ನುತ್ತಿತ್ತು. ಆ ಹೊತ್ತಿನಲ್ಲಿ ನಮ್ಮ ಬಾಯಿಂದ ಬಂದ ಮಾತುಗಳನ್ನು ಬ್ಲಾಗಿನಲ್ಲಿ ಹಾಕೋಕಾಗಲ್ಲ.

ಇಷ್ಟು ಕಡಿಮೆ ಹೊತ್ತು ಸಿಗುತ್ತಿದ್ದರಿಂದ ನಾವು ಪ್ರೋಗ್ರಾಮ್ ಬರೆದದ್ದೆಲ್ಲ ನೋಟ್‌ಬುಕ್ಕಿನಲ್ಲಿ. ವಾರವಿಡೀ ಬರೆಯೋದು, ತಲೆಯಲ್ಲೇ ಓಡಿಸಿ ನೋಡೋದು, ಶನಿವಾರ ಬಂದಾಗ ಕುಟ್ಟೋದು. ತಲೆಯಲ್ಲಿ ಓಡಿಸೋಕೆ ಕಂಪ್ಯೂಟರ್ ಬೇಕಿಲ್ಲವಲ್ಲ. ನನ್ನ ಗೆಳೆಯ ಒಳಗೆ ಬಂದದ್ದು ಈ ಸಂದಿಯಿಂದಲೇ.

ಯಂತ್ರದ ಜೊತೆ ಬಂದ ಸ್ಪೈರಲ್ ಬೈಂಡಿನ ದಪ್ಪ ಪುಸ್ತಕ ಮೇಷ್ಟ್ರ ಬೀರುವಿನಲ್ಲಿರುತ್ತಿತ್ತು. ಕೇಳಿದರೆ ಒಂದು ರಾತ್ರಿಗೆ ಕೊಡುತ್ತಿದ್ದರು. ನಾನು ಮನೆಗೆ ತಂದರೆ ಇವನು ಬಂದು ಕೂರುತ್ತಿದ್ದ. ಇಂಗ್ಲಿಷ್ ಸಾಲುಗಳನ್ನು ನಾನು ಓದಿ ಹೇಳಬೇಕು. ಆದರೆ ಒಂದು ಪುಟಕ್ಕೆ ಬಂದಾಗ 'ನೀನು ಸುಮ್ನಿರು ಮಾರಾಯ, ಇದು ನಂಗೆ ಗೊತ್ತಾಯ್ತು' ಅಂದ. ಆ ಪುಟದಲ್ಲಿ ಎಂಟಕ್ಕೆ ಎಂಟರ ಚೌಕ, ಅದರೊಳಗೆ ಕೈಕಾಲು ಚಾಚಿದ ಒಬ್ಬ ಪುಟ್ಟ ಮನುಷ್ಯ, ಮೇಲುಗಡೆ 128, 64, 32, 16, 8, 4, 2, 1. ತುಂಬಿದ ಮನೆಗಳ ತಲೆಯ ಮೇಲಿನ ಸಂಖ್ಯೆಗಳನ್ನು ಕೂಡಿದರೆ ಒಂದು ಸಾಲಿಗೆ ಒಂದು ಸಂಖ್ಯೆ. ಎಂಟು ಸಾಲಿಗೆ ಎಂಟು. ವಿಡಿಯು 23 ಅಂತ ಬರೆದು, ಅಕ್ಷರಕ್ಕೊಂದು ನಂಬರು ಕೊಟ್ಟು, ಈ ಎಂಟನ್ನೂ ಸಾಲಾಗಿ ಬರೆದರೆ ಯಂತ್ರಕ್ಕೆ ಗೊತ್ತಿಲ್ಲದ ಹೊಸ ಅಕ್ಷರ ತಯಾರು.

ಮನೆಯಲ್ಲಿ ಕಿಟಕಿ ಜಾಲರಿಗೆ ಅಳತೆ ಹಾಕೋದನ್ನು ಸಣ್ಣಂದಿನಿಂದ ನೋಡಿದವನು. ಮಾರನೇ ದಿನ ಗ್ರಾಫ್ ಪುಸ್ತಕ ಹಿಡಿದು ಬಂದ.

'ಇದರಲ್ಲಿ ಕನ್ನಡ ಬರೀಬೋದು ಕಣೋ.'

ಇದನ್ನು ಓದುತ್ತಿರುವ ನೀವೆಲ್ಲ ಯೂನಿಕೋಡಿನಲ್ಲಿ ಬರೆಯುವವರು. 'ಗ' ಒತ್ತಿದರೆ ಗ ಬರೋದು ನಮಗೆ ಈಗ ಗಾಳಿ ಬೆಳಕಿನಷ್ಟೇ ಸಹಜ. ಆದರೆ ನಾನು ಹೇಳುತ್ತಿರೋದು 1987ರ ಮಾತು. ಯೂನಿಕೋಡಿನ ಮೊದಲ ಆವೃತ್ತಿ, ಅದರಲ್ಲಿ ಕನ್ನಡಕ್ಕೊಂದು ಜಾಗ, ಬಂದದ್ದು 1991ರಲ್ಲಿ. ಬರಹ ಬಂದದ್ದು 1998ರಲ್ಲಿ. ಬೆಂಗಳೂರಿನಂಥ ಕಡೆ ಆಗಲೇ ಕನ್ನಡ ಅಚ್ಚಿಗೆ ಕಂಪ್ಯೂಟರ್ ಹೊಂದಿಸುವವರು ಇದ್ದರು. ಕೆ. ಪಿ. ರಾವ್ ಅವರಂಥವರು ಭಾರತೀಯ ಲಿಪಿಗಳ ಜೊಡಣೆ, ಕೀಲಿಮಣೆಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ನಮಗೆ ಅದ್ಯಾವುದೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಕಂಪ್ಯೂಟರ್ ಅಂದರೆ ಇಂಗ್ಲಿಷು, ಬಿಸಿಲು ಅಂದರೆ ಬಿಸಿ ಅನ್ನೋ ಹಾಗೆ.

ಅವನು ಮೊದಲು ಮಾಡಿದ ಅಕ್ಷರ ಗ. ಪುಸ್ತಕದಲ್ಲಿ ಇದೆ ನೋಡಿ: 2, 252, 16, 60, 66, 129, 165, 66. ಒಂದು ಗ್ರಾಫ್ ಹಾಳೆ ಇದ್ದರೆ ನೀವೂ ತುಂಬಿ ನೋಡಿ. ಮೇಲೆ ಬಲಕ್ಕೆ ಏರಿದ ತಲೆಕಟ್ಟು, ಕೆಳಗೆ ಕಮಾನು, ಎರಡೂ ತುದಿ ಒಳಕ್ಕೆ ಸುರುಳಿ. ಎರಡನೆಯದು ರ: 2, 252, 16, 60, 66, 66, 66, 60. ಎರಡರಲ್ಲೂ ಮೊದಲ ಐದು ಸಂಖ್ಯೆ ಒಂದೇ! 'ತಲೆಕಟ್ಟು ಎಲ್ಲಕ್ಕೂ ಒಂದೇ ಅಚ್ಚು, ಕೆಳಗಿನದು ಮಾತ್ರ ಬದಲು' ಅಂತ ಅವನೇ ಪುಟದ ಅಂಚಿನಲ್ಲಿ ಬರೆದಿದ್ದಾನೆ. ತಲೆಕಟ್ಟನ್ನೂ ಒಡಲನ್ನೂ ಬಿಡಿಸಿ ನೋಡುವ ಈ ಬುದ್ಧಿಯನ್ನು ಮುಂದೆ ಕನ್ನಡ ಫಾಂಟುಗಳ ಬಗ್ಗೆ ಓದುವಾಗ ಮತ್ತೆ ಕಂಡೆ. ಹದಿನಾಲ್ಕು ವರ್ಷದ ಹುಡುಗ, ಕಂಪ್ಯೂಟರನ್ನು ಮುಟ್ಟಿಯೇ ಇಲ್ಲ!

ಮೂರನೆಯದು ಸ. ಗ, ರ, ಸ ಈ ಮೂರೇ ಯಾಕೆ ಅಂದೆ. 'ಮೂರು ಅಕ್ಷರ ಮಾಡಿದ್ರೆ ನಾಲ್ಕಕ್ಷರದ ಮಾತು ಬರುತ್ತೆ' ಅಂದ. ಗರಗಸ.

ಶನಿವಾರ ನಾನು ಕುಟ್ಟಿದೆ. ಗ 225, ರ 226, ಸ 227 ಅಂತ ನಂಬರು. ಪ್ರಿಂಟ್ ಮಾಡಿದರೆ ಬಂದದ್ದು ಇಂಗ್ಲಿಷಿನ ಎ ಬಿ ಎ ಸಿ! ಎಲ್ಲೋ ಅಂಕಿ ತಪ್ಪಿದೆ ಅಂದುಕೊಂಡು ತಿದ್ದುವಷ್ಟರಲ್ಲಿ ನನ್ನ ಸರದಿ ಮುಗೀತು. ಮುಂದಿನ ಶನಿವಾರ ಮತ್ತೆ ಎ ಬಿ ಎ ಸಿ. ಅದರ ಮುಂದಿನ ಶನಿವಾರ ಕರೆಂಟಿಲ್ಲ. ಕಿಟಕಿಯ ಹೊರಗೆ ನಿಂತವನಿಗೆ ನಾನು ತಲೆಯಾಡಿಸಿ ಇಲ್ಲ ಅಂತ ಹೇಳೋದು, ಅವನು ಮುಖ ತಿರುಗಿಸಿ ಹೋಗೋದು.

ತಿಂಗಳ ಮೇಲೆ ಗುಟ್ಟು ಸಿಕ್ಕಿತು, ಅದೂ ಅವನಿಗೇ. ಈ ಯಂತ್ರಕ್ಕೆ ಎಂಟು ಬಗೆಯ ತೆರೆಗಳಿವೆ, ಮೋಡ್ 0ಯಿಂದ 7ರವರೆಗೆ. ಸ್ವಿಚ್ ಹಾಕಿದಾಗ ಇರೋದು ಮೋಡ್ 7. ಅದು ಟೀವಿಯ ಟೆಲಿಟೆಕ್ಸ್ಟ್ ಚಿಪ್ಪಿನ ತೆರೆ, ಅಕ್ಷರಗಳು ಆ ಚಿಪ್ಪಿನೊಳಗೇ ಕೆತ್ತಿಹೋಗಿವೆ. ನಾವು ಕೊಟ್ಟ ಅಕ್ಷರವನ್ನು ಅದು ಕಣ್ಣೆತ್ತಿಯೂ ನೋಡಲ್ಲ. 225ಕ್ಕೆ ತನ್ನ ಲೆಕ್ಕದ ಎ ಅಕ್ಷರ ತೋರಿಸುತ್ತೆ. ಮೋಡ್ 7ಕ್ಕೆ ಬೇಕಾಗೋದು ಒಂದೇ ಕಿಲೋಬೈಟ್ ನೆನಪು. ಚುಕ್ಕೆ ಚುಕ್ಕೆಯಾಗಿ ಬರೆಯುವ ಬೇರೆ ಮೋಡುಗಳು 8ರಿಂದ 20 ಕಿಲೋಬೈಟು ತಿನ್ನುತ್ತವೆ. ಇಡೀ ಯಂತ್ರದಲ್ಲಿದ್ದದ್ದೇ 32! ಚಂದದ ತೆರೆ ಬೇಕಾದರೆ ಪ್ರೋಗ್ರಾಮಿಗೆ ಜಾಗ ಇಲ್ಲ, ದೊಡ್ಡ ಪ್ರೋಗ್ರಾಮ್ ಬೇಕಾದರೆ ಚಂದ ಇಲ್ಲ. ಇವನು ಆರಿಸಿದ್ದು ಮೋಡ್ 5. ಹತ್ತು ಕಿಲೋಬೈಟು, ಸಾಲಿಗೆ ಇಪ್ಪತ್ತೇ ಅಕ್ಷರ, ಅಗಲಗಲ.

ಆ ಶನಿವಾರ ಗರಗಸ ಬಂತು. ದಪ್ಪ, ಮೂಲೆ ಮೂಲೆ, ಆದರೂ ಗರಗಸ. ಕನ್ನಡ. ನನ್ನ ಹಿಂದೆ ನಿಂತವರೆಲ್ಲ ಒಂದು ಕ್ಷಣ ಸುಮ್ಮನಾದರು. ನಾನು ಕಿಟಕಿ ಕಡೆ ನೋಡಿದೆ. ಅವತ್ತು ಅವನು ಬಂದಿರಲಿಲ್ಲ, ಅಪ್ಪನ ಜೊತೆ ಯಾರದೋ ಮನೆಯ ಬಾಗಿಲು ಕೂರಿಸೋಕೆ ಹೋಗಿದ್ದ.

ಇನ್ನೂ ಮಾಡೋದು ಬಹಳ ಇತ್ತು. ಹೀಗೆ ಮಾಡಿಕೊಂಡ ಅಕ್ಷರಗಳಿಗೆ ಯಂತ್ರ ಇಟ್ಟಿದ್ದ ಜಾಗ 256 ಬೈಟು, ಅಂದರೆ 32 ಅಕ್ಷರ. ನಮ್ಮ ವರ್ಣಮಾಲೆಗೇ ಸಾಲದು, ಇನ್ನು ಕಾಗುಣಿತ, ಒತ್ತಕ್ಷರ ಎಲ್ಲಿಗೆ ಹೋಗಬೇಕು? ಅವನು ಅದಕ್ಕೂ ದಾರಿ ಹುಡುಕುತ್ತಿದ್ದ, ಪುಸ್ತಕದ ಕೊನೆಯ ಪುಟಗಳಲ್ಲಿ ಬರೀ ಕೊಂಬು, ಗುಡಿಸು, ಇಳಿಗಳ ಚೌಕಗಳಿವೆ. ಆದರೆ ಅಷ್ಟರಲ್ಲಿ ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನ ಬಂತು. ಇವನು ಗರಗಸ ಪದವನ್ನೇ ಎಡಕ್ಕೂ ಬಲಕ್ಕೂ ಓಡಾಡಿಸಿದ. ಟ್ಯಾಬ್ ಅನ್ನೋ ಪದದಿಂದ ಜಾಗ ಬದಲಿಸೋದು, ಹಳೆಯದರ ಮೇಲೆ ಖಾಲಿ ಬರೆಯೋದು. ಜೊತೆಗೆ ಸದ್ದು. ಈ ಯಂತ್ರದ ಸೌಂಡ್ ಆಜ್ಞೆಯಲ್ಲಿ ಸೊನ್ನೆಯ ಚಾನಲ್ಲಿಗೆ ಸ್ವರ ಇಲ್ಲ, ಬರೀ 'ಶ್‌ಶ್' ಅನ್ನೋ ಗದ್ದಲ. ಅದನ್ನು ತುಂಡು ತುಂಡು ಮಾಡಿ ಗರ್-ಗರ್ ಅಂತ ಮರ ಕೊಯ್ಯುವ ಸದ್ದು ತಂದ. ಅದೂ ಕಿವಿಯಿಂದ ಕೇಳಿ ಅಲ್ಲ, ಕಾಗದದ ಮೇಲೆ. ನಾನು ಶನಿವಾರ ಕುಟ್ಟಿ ಕೇಳಿ, ಸಂಜೆ ಹೋಗಿ ಬಾಯಲ್ಲಿ ಮಾಡಿ ತೋರಿಸುತ್ತಿದ್ದೆ. 'ಇಷ್ಟು ಉದ್ದ ಬೇಡ, ಹಲ್ಲು ಸಣ್ಣದು' ಅಂತ ತಿದ್ದುತ್ತಿದ್ದ.

ಪ್ರದರ್ಶನಕ್ಕೆ ಹೆಸರು ಕಳಿಸುವ ದಿನ ಮೇಷ್ಟ್ರು ಕೇಳಿದರು. 'ಇದು ಯಾರು ಬರೆದದ್ದೋ?'

'ನಾನು ಸಾರ್.'

ಅಷ್ಟೇ ಹೇಳಿದ್ದು. ಯಾಕೆ ಹಾಗೆ ಹೇಳಿದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಸಿ ಸೆಕ್ಷನ್ನಿನವನ ಹೆಸರು ಹೇಳಿದರೆ ಪ್ರೋಗ್ರಾಮೇ ಬೇಡ ಅಂದುಬಿಟ್ಟರೆ ಅನ್ನೋ ಭಯ ಇತ್ತು, ಅದು ನಿಜ. ಆದರೆ ಅದೊಂದೇ ಅಲ್ಲ, ಅದೂ ನಿಜ.

ಪ್ರದರ್ಶನದ ಸ್ಟಾಲುಗಳಿಗೆ ಹಲಗೆ ಹೊಡೆಯೋ ಕೆಲಸ ಅವನ ಅಪ್ಪನಿಗೇ ಸಿಕ್ಕಿತ್ತು. ಸಂಜೆ ಅವರು ಹತಾರದ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಸ್ಟಾಲಿನ ಮುಂದೆ ನಿಂತರು. ಓಡಾಡುವ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಗ... ರ... ಗ... ಸ. ಸದ್ದು ಕೇಳಿ ನಕ್ಕೇಬಿಟ್ಟರು. ಮೇಜಿನ ಮೇಲಿನ ಚೀಟಿಯಲ್ಲಿ ನನ್ನ ಹೆಸರಿತ್ತು. ನನ್ನ ತಲೆ ಸವರಿ 'ಚೆಂದ ಮಾಡಿದೀಯ ತಮ್ಮಾ' ಅಂದರು. ಮಗ ಅವರ ಪಕ್ಕದಲ್ಲೇ ನಿಂತಿದ್ದ. ಏನೂ ಹೇಳಲಿಲ್ಲ. ಅಪ್ಪನಿಗೆ ಕಡೆಗೂ ಹೇಳಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ನನಗೆ ಎರಡನೇ ಬಹುಮಾನ ಬಂತು, ಒಂದು ಇಂಕ್ ಪೆನ್ನು.

ಅದರ ಮೇಲೂ ನಾವು ಒಟ್ಟಿಗೇ ನಡೆದು ಹೋಗ್ತಿದ್ವಿ. ಮಾತೂ ಇತ್ತು. ಆದರೆ ಅವನು ಗ್ರಾಫ್ ಪುಸ್ತಕ ವಾಪಸು ಕೇಳಲಿಲ್ಲ, ಹೊಸದನ್ನೂ ತರಲಿಲ್ಲ. ಎಸ್ಸೆಸ್ಸೆಲ್ಸಿಯಾದ ಮೇಲೆ ಅಪ್ಪನ ಜೊತೆ ಕೆಲಸಕ್ಕೆ ನಿಂತ. ನಾನು ಎಂಜಿನಿಯರಿಂಗ್, ಬೆಂಗಳೂರು, ಇದೇ ಹೊಟ್ಟೆಪಾಡು.

ಆ ಬಿಬಿಸಿ ಯಂತ್ರಗಳು ನಮ್ಮ ಶಾಲೆಯಲ್ಲಿ 90ರ ಹೊತ್ತಿಗೇ ಮೂಲೆ ಸೇರಿದವು. ಬಂದಿದ್ದ ಸಿದ್ಧ ಪಾಠಗಳು ಇಂಗ್ಲೆಂಡಿನವು, ನಮ್ಮ ಸಿಲೆಬಸ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಯೋಜನೆಗೂ ಇದೇ ಟೀಕೆ ಬಂದಿತ್ತು. ಮುಂದೆ ಅದರ ಜಾಗಕ್ಕೆ ಪಿಸಿಗಳು ಬಂದವು. ಏಕಾರ್ನ್ ಕೂಡ ಕಷ್ಟಕ್ಕೆ ಬಿದ್ದು 1985ರಲ್ಲಿ ಇಟಲಿಯ ಒಲಿವೆಟ್ಟಿ ಕಂಪನಿಯ ಕೈಗೆ ಹೋಯಿತು.

ಅದೇ 1985ರ ಏಪ್ರಿಲ್ 26ರಂದು ಏಕಾರ್ನ್‌ನಲ್ಲಿ ಇನ್ನೊಂದು ಕೆಲಸವೂ ಆಯಿತು. ವಿಲ್ಸನ್ ಮತ್ತು ಫರ್ಬರ್ ತಮ್ಮದೇ ಹೊಸ ಚಿಪ್ ಒಂದನ್ನು ವಿನ್ಯಾಸ ಮಾಡಿದ್ದರು. ಅದರ ನಕಲನ್ನು ಮೊದಲು ಓಡಿಸಿ ನೋಡಿದ್ದು ಬಿಬಿಸಿ ಬೇಸಿಕ್‌ನಲ್ಲೇ ಬರೆದ ಪ್ರೋಗ್ರಾಮಿನಲ್ಲಿ. ನಾವು ಗರಗಸ ಬರೆದ ಅದೇ ಭಾಷೆ! ಚಿಪ್ ಕಾರ್ಖಾನೆಯಿಂದ ಬಂದ ದಿನ ಬಿಬಿಸಿ ಮೈಕ್ರೋಗೇ ಸಿಕ್ಕಿಸಿ ಓಡಿಸಿದರು, ಓಡಿತು. ಎಷ್ಟು ಕರೆಂಟು ಎಳೆಯುತ್ತಿದೆ ನೋಡೋಣ ಅಂತ ಫರ್ಬರ್ ಮೀಟರ್ ಹಿಡಿದರೆ ಸೊನ್ನೆ. ನೋಡಿದರೆ ಚಿಪ್ಪಿಗೆ ಕರೆಂಟಿನ ತಂತಿಯೇ ಸೇರಿರಲಿಲ್ಲ, ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದಷ್ಟರಲ್ಲೇ ಓಡುತ್ತಿತ್ತು. ಆ ಚಿಪ್ಪಿನ ಹೆಸರು ಆರ್ಮ್. ಇವತ್ತು ನಮ್ಮೆಲ್ಲರ ಜೇಬಿನ ಮೊಬೈಲಿನಲ್ಲಿರೋದು ಅದರ ಮರಿಮೊಮ್ಮಕ್ಕಳೇ. ಅಷ್ಟು ಕಡಿಮೆ ಕರೆಂಟಿನಲ್ಲಿ ಬದುಕೋದು ಅದಕ್ಕೆ ಹುಟ್ಟುಗುಣ.

ಈಗ ಬಿಬಿಸಿ ಮೈಕ್ರೋದ ಎಮ್ಯುಲೇಟರುಗಳು ಬ್ರೌಸರಿನಲ್ಲೇ ಪುಕ್ಕಟೆ ಸಿಗುತ್ತವೆ. ಊರಿಂದ ಬಂದ ರಾತ್ರಿ ಒಂದನ್ನು ತೆರೆದೆ. ದಪ್ಪ ಸ್ವರ, ಪೀಂ, > ಗುರುತು. ಮೋಡ್ 5 ಅಂತ ಬರೆದು ಗ್ರಾಫ್ ಪುಸ್ತಕ ನೋಡಿಕೊಂಡು ಕುಟ್ಟುತ್ತಾ ಹೋದೆ. ಗ ಸರಿ ಬಂತು, ರ ಸರಿ ಬಂತು. ಸ ಇದ್ದ ಪುಟದ ಕೆಳಮೂಲೆ ಗೆದ್ದಲಿನ ಪಾಲಾಗಿತ್ತು, ಕೊನೆಯ ಎರಡು ಸಾಲಿನ ಮನೆಗಳೂ ಇಲ್ಲ, ಅಂಕಿಗಳೂ ಇಲ್ಲ. ಊಹೆಯ ಮೇಲೆ ತುಂಬಿದೆ. ರನ್.

ಅವನು ಈಗ ಅದೇ ಊರಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದಾನೆ. ಹಬ್ಬಕ್ಕೆ ಶುಭಾಶಯ ಕಳಿಸೋದು ಬಿಟ್ಟರೆ ಮಾತು ಕಡಿಮೆ. ತೆರೆಯ ಫೋಟೋ ತೆಗೆದು ಅವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೆಳಗೆ ಬರೆದೆ, ನಿನ್ನ ಪುಸ್ತಕ ನನ್ನ ಹತ್ತಿರ ಇದೆ, ಅವತ್ತು ನಿನ್ನ ಹೆಸರು ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದು ಅಂತ. ಇಷ್ಟು ಬರೆಯೋಕೆ ಅರ್ಧ ಗಂಟೆ ಹಿಡಿಯಿತು. ಎರಡು ನೀಲಿ ಗೆರೆ ಬಂದವು. ಉತ್ತರ ಇಲ್ಲ.

ಮಾರನೇ ದಿನ ಬೆಳಿಗ್ಗೆ, ಅಂಗಡಿ ತೆಗೆಯೋ ಹೊತ್ತಿಗೆ, ಬಂತು:

'ಸ ಕೆಳಗೆ ಕೊಂಡಿ ಕೂಡಿಲ್ಲ ಮಾರಾಯ. ಏಳನೇ ಸಾಲಿಗೆ 8 ಸೇರಿಸು.'